ಕಣ್ಣಿಲ್ಲದ ಗುಬ್ಬಚ್ಚಿ

ಗುಬ್ಬಚ್ಚಿಗೆ ಕಣ್ಣಿರಲಿಲ್ಲ.

ಪತ್ತೇದಾರಿಣಿ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಚಾಕುವಿನ ಅಲಗಿನ ಮೇಲೆ, ಹಿಡಿಗೆ ಹತ್ತಿರ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಗುಬ್ಬಚ್ಚಿ. ಕೊಕ್ಕಿತ್ತು, ರೆಕ್ಕೆಯಿತ್ತು, ಕಾಲುಗಳಿದ್ದವು. ಕಣ್ಣಿನ ಚುಕ್ಕಿ ಇರಬೇಕಾದ ಕಡೆ ಬರೀ ಉಕ್ಕು ಹೊಳೆಯುತ್ತಿತ್ತು. ಬಾಲದ ಸಣ್ಣ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಉಳಿದ ಗೆರೆಗಳೋ, ಇರಬೇಕಾದದ್ದಕ್ಕಿಂತ ದಪ್ಪ.

"ಏನ್ ಮೇಡಂ, ಗುಬ್ಬಿ ಏನಾದ್ರೂ ಬಾಯಿಬಿಡ್ತಾ?" ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿಕೊಂಡೇ ಕೇಳಿದರು.

"ಇದು ಗುಬ್ಬಣ್ಣ ಹಾಕಿದ ಗುರುತಲ್ಲ."

ಇನ್ಸ್‌ಪೆಕ್ಟರ್ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಮೊನ್ನೆ ಇದೇ ಕುರ್ಚಿಲಿ ಕೂತು ನೀವೇ ಅಲ್ವಾ ಹೇಳಿದ್ದು? ಗುರುತು ನಮ್ಮನೇದೇ. ಗುರುತಿನ ಹಾಳೆ ಇಡೋ ಬೀರುವಿನ ಕೀಲಿ ಗುಬ್ಬಣ್ಣನ ಸೊಂಟ ಬಿಟ್ಟು ಕೆಳಗಿಳಿಯಲ್ಲ ಅಂತ. ನೀವು ಹೇಳಿದ್ರಿ, ನಾವು ಕರ್ಕೊಂಡು ಬಂದ್ವಿ."

ಅವಳ ಕಿವಿ ಬಿಸಿಯಾಯಿತು. ಚಾಕು ಕತ್ತರಿಗಳ ಸಗಟು ವ್ಯಾಪಾರಿ ತನ್ನ ಗೋದಾಮಿನಲ್ಲಿ ಹೆಣವಾಗಿ ಸಿಕ್ಕಿದ್ದ; ಎದೆಯಲ್ಲಿದ್ದದ್ದು ಗುಬ್ಬಚ್ಚಿ ಗುರುತಿನ ಚಾಕು, ಚಾಕು ತಯಾರಿಸುವ ಅವಳ ತವರಿನ ಗುರುತು. ತವರಿನವರನ್ನು ಕಾಯ್ದುಕೊಂಡಳು ಎಂದು ಯಾರೂ ಬೆರಳು ತೋರಿಸಬಾರದೆಂಬ ಜಂಬದಲ್ಲಿ, ಎಲ್ಲರಿಗಿಂತ ಮೊದಲು ಗುಬ್ಬಣ್ಣನ ಕಡೆ ಬೆರಳು ತೋರಿಸಿದವಳು ಅವಳೇ.

"ಆವತ್ತು ಗುರುತು ನೋಡಿದೆ. ಸರಿಯಾಗಿ ನೋಡಲಿಲ್ಲ" ಎಂದಳು. "ನಮ್ಮಲ್ಲಿ ಗುರುತನ್ನ ಸುತ್ತಿಗೆಲಿ ಹೊಡೆಯಲ್ಲ ಸರ್. ತೆಳ್ಳಗಿನ ಹಾಳೆ, ಸ್ಟೆನ್ಸಿಲ್ ಅಂತಾರಲ್ಲ, ಅದರಲ್ಲಿ ಗುಬ್ಬಚ್ಚಿ ಆಕಾರಕ್ಕೆ ಸಣ್ಣ ಸಣ್ಣ ಕಂಡಿ ಇರುತ್ತೆ. ಅದನ್ನ ಅಲಗಿನ ಮೇಲಿಟ್ಟು, ಉಪ್ಪಿನ ದ್ರಾವಣದಲ್ಲಿ ಅದ್ದಿದ ಬಟ್ಟೆಗೆ ಕರೆಂಟ್ ಕೊಟ್ಟು ಒತ್ತಬೇಕು. ಕಂಡಿ ಇದ್ದ ಕಡೆ ಮಾತ್ರ ಉಕ್ಕು ಕರಗಿ ಗುರುತು ಮೂಡುತ್ತೆ."

"ಸರಿ. ಕಣ್ಣು ಎಲ್ಲಿ ಹೋಯ್ತು?"

"ಕೆಲಸ ಆದ ತಕ್ಷಣ ಹಾಳೇನ ಎರಡೂ ಕಡೆ ಹರಿಯೋ ನೀರಲ್ಲಿ ತೊಳೀಬೇಕು. ಇಲ್ಲಾಂದ್ರೆ ಉಪ್ಪು ಒಣಗಿ ಸಣ್ಣ ಕಂಡಿ ಮುಚ್ಕೊಳ್ಳುತ್ತೆ. ಮೊದಲು ಹೋಗೋದೇ ಕಣ್ಣು. ಈ ಹಾಳೇನ ತುಂಬಾ ದಿನದಿಂದ ಯಾರೂ ಸರಿಯಾಗಿ ತೊಳೆದಿಲ್ಲ."

"ಒಂದಿನ ಅವಸರದಲ್ಲಿ ಮರೆತಿರಬಹುದು."

"ಗುಬ್ಬಣ್ಣ ಊಟ ಮಾಡಿ ಕೈ ತೊಳೆಯೋದು ಮರೀಬಹುದು ಸರ್. ಇದನ್ನ ಮರೆಯಲ್ಲ."

"ಕೋರ್ಟಲ್ಲಿ ಹಾಗೇ ಹೇಳ್ಲಾ? ಸ್ವಾಮಿ, ಈ ಮನುಷ್ಯ ಬಹಳ ಶುಚಿ, ಕೊಲೆ ಮಾಡೋರಲ್ಲ ಅಂತ?" ಇನ್ಸ್‌ಪೆಕ್ಟರ್ ಚಾಕುವನ್ನು ಚೀಲಕ್ಕೆ ಹಾಕಿ ಅಂಟಿಸಿದರು. "ಬೇರೆ ಏನಾದ್ರೂ ತನ್ನಿ ಮೇಡಂ. ಈ ಸಲ ಪೂರ್ತಿ ನೋಡಿ ತನ್ನಿ."

ಕೊನೆಯ ಮಾತು ಮೆತ್ತಗೆ ಬಂದರೂ ಬಿದ್ದದ್ದು ಕೆನ್ನೆಗೆ.

ಹೊರಗಿನ ಪಡಸಾಲೆಯಲ್ಲಿ, ಕಂಬಿಗಳ ಆಚೆ, ಗುಬ್ಬಣ್ಣ ಬೆಂಚಿನ ಮೇಲೆ ಕೂತಿದ್ದ. ಗುರುತು ಹಾಕುವ ಕೆಲಸದಲ್ಲೇ ತಲೆ ನರೆತದ್ದರಿಂದ ಬಂದ ಹೆಸರು ಅದು. ಅವನ ನಿಜವಾದ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಅವಳನ್ನು ಕಂಡದ್ದೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಾಚಿಕೊಳ್ಳಬೇಕಾದವಳು ತಾನು, ಮುಖ ಮರೆಸುತ್ತಿರುವವನು ಅವನು.

"ಗುಬ್ಬಣ್ಣ... ಏನಾದ್ರೂ ತಿಂದ್ರಾ?"

"ಹಾಳೆ ಒಣಗೋಕೆ ಹಾಕಿದ್ದೆ, ಪುಟ್ಟಿ" ಎಂದ ಗೋಡೆಗೆ ಹೇಳುವಂತೆ. "ಇವರು ಬಂದಾಗ ಇನ್ನೂ ಒದ್ದೆ ಇದ್ವು. ಯಾರಾದ್ರೂ ಎತ್ತಿಟ್ರಾ? ಸಂಜೆ ಬಿಸಿಲು ಆ ಕಿಟಕಿಗೇ ಬೀಳುತ್ತೆ. ಸುರುಟಿಕೊಂಡ್ರೆ ಆಮೇಲೆ ಅಲಗಿನ ಮೇಲೆ ಕೂರಲ್ಲ."

"ಎತ್ತಿಡ್ತೀನಿ."

"ಕೀಲಿ ಇವರ ಹತ್ರ ಇದೆ. ಕೇಳಿ ಇಸ್ಕೋ."

ಅವಳು ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದಳು. ಹೊರಬಂದದ್ದು ಕೆಮ್ಮು.

* * *

ಕಾರ್ಖಾನೆಯಲ್ಲಿ ಸಾಣೆ ಚಕ್ರಗಳು ನಿಂತಿದ್ದವು. ಕೆಲಸದವರು ಬಂದಿರಲಿಲ್ಲ. ಅಣ್ಣ ಒಬ್ಬನೇ ಮೇಜಿನ ಮುಂದೆ ಕೂತು, ಒರೆಸಿದ ಅಲಗನ್ನೇ ಮತ್ತೆ ಒರೆಸುತ್ತಿದ್ದ.

"ಮೂರು ಅಂಗಡಿಯೋರು ಸರಕು ವಾಪಸ್ ಕಳಿಸಿದ್ರು" ಎಂದ. "ಹಾದೀಲಿ ಹೋದ್ರೆ ಜನ ನನ್ನ ಮುಖ ನೋಡಲ್ಲ ಪುಟ್ಟಿ, ಕೈ ನೋಡ್ತಾರೆ. ಅಪ್ಪ ಕಟ್ಟಿದ ಹೆಸರು. ಗುಬ್ಬಿ ಅಂದ್ರೆ ಕಣ್ಣು ಮುಚ್ಚಿ ಕೊಳ್ತಿದ್ರು."

ಅವಳು ಕಿಟಕಿಯ ಬಳಿ ಹೋದಳು. ದಾರದ ಮೇಲೆ ಹಾಳೆಗಳು ತೂಗುತ್ತಿದ್ದವು. ಗುಬ್ಬಣ್ಣ ಹೇಳಿದ ಹಾಗೆಯೇ ಅಂಚುಗಳು ಮೇಲೆದ್ದಿದ್ದವು. ಒಂದೊಂದನ್ನೇ ಇಳಿಸಿ ಮೆತ್ತನೆ ಬಟ್ಟೆಯ ಮೇಲೆ ಹಾಸಿದಳು, ಉಜ್ಜಲಿಲ್ಲ, ಒತ್ತಿದಳು. ಚಿಕ್ಕಂದಿನಲ್ಲಿ ಒದ್ದೆ ಹಾಳೆಯನ್ನು ಪಾಠದ ಪುಸ್ತಕದೊಳಗೆ ಇಟ್ಟು ಗುಬ್ಬಣ್ಣನಿಂದ ಬೈಸಿಕೊಂಡಿದ್ದಳು. ಪುಸ್ತಕವೂ ಕೆಟ್ಟಿತ್ತು, ಹಾಳೆಯೂ ಕೆಟ್ಟಿತ್ತು, ಅವನು ಮಾತ್ರ ಹಾಳೆಗೆ ಅತ್ತಿದ್ದ.

ಸ್ಟೇಷನ್ನಿನಿಂದ ಕೇಳಿ ತಂದ ಕೀಲಿಯಿಂದ ಬೀರು ತೆಗೆದಳು. ತಟ್ಟೆಯಂಥ ಅಗಲವಾದ ಅರೆಗಳು. ಪ್ರತಿ ಹಾಳೆಯ ಕೆಳಗೊಂದು, ಮೇಲೊಂದು ಬಟರ್ ಪೇಪರ್. ಒಂದರ ಮೇಲೊಂದು ಭಾರ ಬೀಳದ ಹಾಗೆ ನಡುವೆ ರಟ್ಟು. ಮಡಿಕೆಯಿಲ್ಲ, ಸುರುಳಿಯಿಲ್ಲ, ಉಪ್ಪಿನ ಬಿಳಿ ಪುಡಿಯ ಸುಳಿವಿಲ್ಲ. ಹೆತ್ತ ತಾಯಿ ಮಗುವನ್ನು ಹೀಗೆ ಮಲಗಿಸಿರಲಾರಳು.

ಗುಬ್ಬಚ್ಚಿಯ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ದೊಡ್ಡದು, ನಡುವಿನದು, ಸಣ್ಣದು. ಮೂರರ ಕಣ್ಣಿನಿಂದಲೂ ಸೂಜಿಮೊನೆಯಷ್ಟು ಬೆಳಕು ತೂರಿ ಬಂತು.

"ಅಣ್ಣ, ನಾಲ್ಕನೇದು ಎಲ್ಲಿದೆ?"

"ನಾಲ್ಕನೇದು ಇಲ್ಲವೇ ಇಲ್ಲ."

"ಸವೆದು ಹೋದದ್ದು? ಗೆರೆ ದಪ್ಪ ಬರೋಕೆ ಶುರುವಾಗಿದ್ದು?"

"ಅವತ್ತೇ ಕತ್ತರಿಸಿ ಬಿಸಾಕ್ತೀವಲ್ಲ."

"ಯಾರು ಕತ್ತರಿಸೋದು?"

"ಯಾರ ಕೈಲಿ ಕತ್ತರಿ ಇರುತ್ತೋ ಅವರು. ಅದಕ್ಕೂ ಮುಹೂರ್ತ ಇಡ್ಬೇಕಾ?" ಅಣ್ಣ ರೇಗಿದ. ಮರುಗಳಿಗೆಗೆ ಧ್ವನಿ ಇಳಿಸಿದ. "ಪೊಲೀಸರು ಆ ಚಾಕುವಿನ ಫೋಟೋ ತೋರಿಸಿದ್ರು. ಅಲಗು ನಮ್ಮದಲ್ಲ ಪುಟ್ಟಿ. ನಾನು ಬೆನ್ನಿನ ಅಂಚನ್ನ ಅಷ್ಟು ನಯ ಮಾಡಲ್ಲ. ಆದ್ರೆ..."

"ಆದ್ರೆ?"

"ಕೆಟ್ಟ ಕೆಲಸ ಅಲ್ಲ ಅದು. ಹಿಡಿದೋರ ತೋರುಬೆರಳು ನೋಯಬಾರದು ಅಂತ ಯೋಚಿಸಿ ಮಾಡಿದ್ದಾರೆ ಯಾರೋ."

ಬೀರುವಿಗೆ ಬೀಗವಿತ್ತು, ಕರೆಂಟ್ ಕೊಟ್ಟು ಗುರುತು ಹಾಕುವ ಪೆಟ್ಟಿಗೆಗೆ ಇರಲಿಲ್ಲ. ಅದು ಮೂಲೆಯ ಮೇಜಿನ ಮೇಲೆ ತೆರೆದೇ ಕೂತಿತ್ತು. ಸವೆದ ಹಾಳೆಯೊಂದನ್ನು ಉಳಿಸಿಕೊಂಡವರಿಗೆ ಕೀಲಿಯ ಹಂಗೇ ಇರಲಿಲ್ಲ. ಗುಬ್ಬಣ್ಣನ ಸೊಂಟದ ಕೀಲಿಯನ್ನು ಹಿಡಿದು ತಾನು ಎಷ್ಟು ಜಾಣಳಂತೆ ಮಾತಾಡಿದ್ದಳು!

ಆದರೆ ತೊಳೆಯದೆ ಬಿಟ್ಟದ್ದೇಕೆ? ನಲ್ಲಿ ಇರುವುದು ಪೆಟ್ಟಿಗೆಯಿಂದ ಕೈಯಳತೆಯಲ್ಲಿ.

ಅವಳು ನಲ್ಲಿ ತಿರುಗಿಸಿದಳು. ಗೋಡೆಯೊಳಗಿನ ಕೊಳವೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ನರಳಿ, ಗಡಗಡ ನಡುಗಿತು. ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಆಮೇಲೆ ತೊದಲುವ ಧ್ವನಿ:

"ಯಾರು... ನೀರು... ಯಾರು?"

ಅಪ್ಪ. ಪಾರ್ಶ್ವವಾಯು ಬಡಿದಂದಿನಿಂದ ಆ ಕೋಣೆಯಲ್ಲೇ, ಕೊಳವೆಗೆ ತಲೆಕೊಟ್ಟು ಮಲಗಿದ್ದರು.

"ಮಧ್ಯಾಹ್ನ ಊಟದ ಹೊತ್ತಲ್ಲಿ ಇಲ್ಲಿ ಯಾರಿರ್ತಾರೆ?" ಎಂದು ಕೇಳಿದಳು.

"ಯಾರೂ ಇಲ್ಲ. ಅಪ್ಪ ನಿದ್ದೆ ಮಾಡ್ತಾರೆ, ನಿನ್ನ ಅತ್ತಿಗೆ ಅವರ ಹತ್ರ ಕೂತಿರ್ತಾಳೆ. ನಾನು ಮೇಲೆ ಹೋಗಿ ಸ್ವಲ್ಪ ಅಡ್ಡಾಗ್ತೀನಿ." ಅಣ್ಣ ಅಲಗನ್ನು ಕೆಳಗಿಟ್ಟ. "ಯಾಕೆ?"

ಅವಳು ನಲ್ಲಿ ನಿಲ್ಲಿಸಿದಳು. ಅಪ್ಪನ ನಿದ್ದೆ ಕೆಡಬಾರದೆಂದು ನೀರು ಬಿಡದವರು. ಅಪ್ಪನ ನಿದ್ದೆಯ ಹೊತ್ತು ಬಲ್ಲವರು. ಹಾಳೆ ಮಡಚಬಾರದೆಂದು ಬಲ್ಲವರೂ ಹೌದು; ಅಲಗಿನ ಮೇಲಿನ ಗುಬ್ಬಚ್ಚಿಯಲ್ಲಿ ಮಡಿಕೆಯ ಗೆರೆ ಇರಲಿಲ್ಲ.

"ಏನಿಲ್ಲ" ಎಂದಳು. ಅಣ್ಣನ ಮುಖ ನೋಡಲಾಗಲಿಲ್ಲ.

* * *

ಅತ್ತಿಗೆ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದಳು.

"ಒಳ್ಳೇ ಹೊತ್ತಿಗೆ ಬಂದೆ ಪುಟ್ಟಿ. ಮಾವನ್ನ ನಿನ್ನ ಕಡೆ ಹೊರಳಿಸ್ಕೋ. ಒಬ್ಬಳೇ ಮಾಡಿ ಮಾಡಿ ನನ್ನ ಸೊಂಟ ಮುರಿದೇ ಹೋಗಿದೆ."

ಪತ್ತೇದಾರಿಣಿ ಅಪ್ಪನ ಭುಜ ಹಿಡಿದು ತನ್ನೆದೆಗೆ ಒರಗಿಸಿಕೊಂಡಳು. ಅಪ್ಪ ಒಣಗಿದ ಕಟ್ಟಿಗೆಯಷ್ಟು ಹಗುರವಾಗಿದ್ದರು. ಅವಳಿಗೆ ಅಮ್ಮ ಇಲ್ಲದ ಮೇಲೆ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು ಈ ಅತ್ತಿಗೆ. ಮೊದಲ ಕೇಸು ಗೆದ್ದಾಗ ಇಡೀ ಬೀದಿಗೆ ಹೇಳಿಕೊಂಡು ಬಂದವಳೂ ಇವಳೇ.

"ಈ ಕಡೆ ನಾನು ಸಿಕ್ಕಿಸ್ತೀನಿ" ಎನ್ನುತ್ತ ಪತ್ತೇದಾರಿಣಿ ಹೊದಿಕೆಯ ಅಂಚು ಹಿಡಿದಳು.

"ಬೇಡ ಬಿಡು! ಅದು ನಾನು ಮಾಡ್ಕೋತೀನಿ."

ಮಾತು ಬೇಗ ಬಂದಿತ್ತು. ತೀರಾ ಬೇಗ.

ಪತ್ತೇದಾರಿಣಿಯ ಕೈ ಹಾಸಿಗೆಯ ಕೆಳಗೆ ಹೋಯಿತು. ಬೆರಳಿಗೆ ರಟ್ಟು ತಗುಲಿತು. ಹೊರಗೆಳೆದಳು. ಎರಡು ರಟ್ಟುಗಳ ನಡುವೆ ಬಟರ್ ಪೇಪರ್, ಅದರೊಳಗೆ ಸಣ್ಣ ಗುಬ್ಬಚ್ಚಿಯ ಹಾಳೆ. ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿನ ಕಂಡಿಯಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು.

"ಮಡಚ... ಬೇಡ" ಎಂದರು ಅಪ್ಪ, ಅವಳ ಎದೆಯ ಮೇಲಿಂದ.

"ಅಪ್ಪ, ನಿಮಗೆ ಗೊತ್ತಿತ್ತಾ?"

"ಬೆನ್ನಿಗೆ... ಗೊತ್ತಾಗಲ್ವಾ?"

ಅತ್ತಿಗೆ ಹೊದಿಕೆಯನ್ನು ಎದೆಗೆ ಅವುಚಿಕೊಂಡಿದ್ದಳು. ಅವಳು ಮೊದಲು ಕೇಳಿದ್ದು ಬೇರೆಯೇ.

"ಚಾಕು ಹೇಗಿತ್ತು ಪುಟ್ಟಿ? ನಿಮ್ಮಣ್ಣ ನೋಡಿದ್ನಾ? ಏನಂದ?"

"ಅತ್ತಿಗೆ! ಒಬ್ಬ ಮನುಷ್ಯ ಸತ್ತಿದ್ದಾನೆ!"

"ಗೊತ್ತು." ಅವಳ ಕಣ್ಣು ನೆಲದ ಮೇಲಿತ್ತು. "ಏನಂದ ಅಂತ ಹೇಳು."

"ಕೆಟ್ಟ ಕೆಲಸ ಅಲ್ಲ ಅಂದ. ಹಿಡಿದೋರ ಬೆರಳು ನೋಯಬಾರದು ಅಂತ ಯೋಚಿಸಿ ಮಾಡಿದ್ದಾರೆ ಅಂದ."

ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತಳು. ಹೊಗಳಿಕೆ ಎಷ್ಟು ತಡವಾಗಿ, ಎಂಥ ಹೊತ್ತಿನಲ್ಲಿ ಬಂದು ಮುಟ್ಟಿತ್ತೆಂದರೆ, ಅದನ್ನು ಎಲ್ಲಿಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯದಾಯಿತು.

"ನೀವು ಬೇಡ ಅಂತ ಪಕ್ಕಕ್ಕೆ ಹಾಕಿದ ಉಕ್ಕಿನ ತುಂಡುಗಳಿಂದಲೇ ಮಾಡ್ತಿದ್ದೆ" ಎಂದಳು. "ಈ ಮನೆಗೆ ಬಂದಾಗಿನಿಂದ ನಿಮ್ಮ ಚಾಕುಗಳಿಗೆ ಹಿಡಿ ಕೂರಿಸಿದ್ದು ನಾನು, ಸಾಣೆ ಕೊಟ್ಟಿದ್ದು ನಾನು. ಒಂದು ಪೂರ್ತಿ ಚಾಕು ನಾನೇ ಮಾಡಿ, ಮಾವನ ಮುಂದೆ ಇಟ್ಟು, ಇದಕ್ಕೂ ಗುಬ್ಬಿ ಹಾಕಿ ಅಂದೆ. ಗುಬ್ಬಿ ಮನೆತನದ್ದು, ಬಂದೋರದ್ದಲ್ಲ ಅಂದ್ರು. ನಿಮ್ಮಣ್ಣ ನಕ್ಕ. ಆಮೇಲೆ ಒಂದಿನ ಸವೆದ ಹಾಳೆ ಕತ್ತರಿಸು ಅಂತ ಅವನೇ ನನ್ನ ಕೈಗೆ ಕೊಟ್ಟ. ಕತ್ತರಿ ಇಟ್ಟೆ. ಕೈ ಮುಂದೆ ಹೋಗ್ಲಿಲ್ಲ."

ಅಪ್ಪ ಕಣ್ಣು ಮುಚ್ಚಿಕೊಂಡು ಮುಖವನ್ನು ಮಗಳ ತೋಳಿಗೆ ಒತ್ತಿದರು. ಅವರಿಗೆ ಮುಖ ಮುಚ್ಚಿಕೊಳ್ಳಲು ಏಳುವ ಕೈ ಇರಲಿಲ್ಲ.

"ಆ ವ್ಯಾಪಾರಿ?"

"ಅವನೇ ಮಾರ್ತಿದ್ದ. ಇದು ಯಾರ ಕೈ ಅಂತ ಹೇಳ್ಬೇಡ ಅಂದಿದ್ದೆ. ಹೋದ ವಾರ, ನಿನ್ನ ಗಂಡನಿಗೆ ಹೇಳಿಬಿಡ್ತೀನಿ ಅಂತ ಶುರು ಮಾಡ್ದ. ತಮಾಷೆಗೆ ಅಂತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

"ಗುಬ್ಬಣ್ಣನಿಗೆ ಗೊತ್ತಿತ್ತಾ?"

"ಪೆಟ್ಟಿಗೆಯ ಬಟ್ಟೆ ಒದ್ದೆ ಇದ್ರೆ ಅವರಿಗೆ ತಿಳಿಯಲ್ವಾ? ಒಂದು ಮಾತು ಕೇಳ್ಲಿಲ್ಲ. ಮಾರನೇ ದಿನ ಪೆಟ್ಟಿಗೆ ಪಕ್ಕ ಒಂದು ಬೋಗುಣಿ ನೀರು ಇಟ್ಟಿದ್ರು. ನಲ್ಲಿ ಬಿಡೋಕಾಗಲ್ಲ ಅಂತ ಅವರಿಗೂ ಗೊತ್ತಾಗಿತ್ತು." ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾಚಿಕೆಯಾಯ್ತು ನಂಗೆ. ಅವರಿಟ್ಟ ನೀರಲ್ಲಿ ಹೇಗೆ ತೊಳೀಲಿ? ಮುಟ್ಟಲಿಲ್ಲ. ಒದ್ದೆ ಬಟ್ಟೇಲಿ ಒರೆಸಿ ಇಟ್ಟೆ."

"ಅವರನ್ನ ಪೊಲೀಸರು ಎಳ್ಕೊಂಡು ಹೋಗುವಾಗ ಬಾಗಿಲಲ್ಲೇ ನಿಂತಿದ್ರಿ ನೀವು."

"ನೀನೂ ನಿಂತಿದ್ದೆ."

ಪತ್ತೇದಾರಿಣಿ ಅಪ್ಪನನ್ನು ಮೆಲ್ಲಗೆ ದಿಂಬಿನ ಮೇಲೆ ಮಲಗಿಸಿದಳು.

"ಒಂದೇ ಒಂದು ಕೇಳ್ತೀನಿ. ನಿಜ ಹೇಳಿ. ಅವತ್ತು ಗೋದಾಮಿಗೆ ಹೋಗಿದ್ರಾ?"

"ಇಲ್ಲ."

"ಅತ್ತಿಗೆ..."

"ಇಲ್ಲ ಅಂದ್ನಲ್ಲ. ಆ ಚಾಕು ಹಿಂದಿನ ವಾರವೇ ಕೊಟ್ಟಿದ್ದು. ಅದು ಅಲ್ಲೇ ಇತ್ತು, ಯಾರು ಬೇಕಾದ್ರೂ ಎತ್ಕೋಬಹುದಿತ್ತು. ನಾನು ಮನೆ ಬಿಟ್ಟು ಕದಲಿಲ್ಲ." ಅವಳು ಎದ್ದು ನಿಂತಳು. "ಹಾಳೆ ತಗೊಂಡು ಹೋಗು. ಚಾಕು ನಂದು ಅಂತ ಸ್ಟೇಷನ್ನಲ್ಲಿ ಹೇಳ್ತೀನಿ. ಗುಬ್ಬಣ್ಣನ್ನ ಬಿಡಿಸು. ನಿಮ್ಮಣ್ಣನಿಗೆ ಮಾತ್ರ ನೀನೇ ಹೇಳು. ಅದು ನನ್ನ ಕೈಲಾಗಲ್ಲ."

ಎದೆಯ ಮೇಲಿನ ಕಲ್ಲು ಅರ್ಧ ಸರಿದಂತಾಯಿತು. ಗುಬ್ಬಣ್ಣ ಹೊರಬರುತ್ತಾನೆ. ತಾನು ಅವನ ಎದುರು ನಿಂತು, ಕೆಮ್ಮದೆ, ಹೇಳಬೇಕಾದದ್ದನ್ನು ಹೇಳಬಹುದು.

ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್. ಒಂದು ಕೈಯಲ್ಲಿ ಹಾಳೆ ಮಡಚದಂತೆ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಫೋನನ್ನು ಹಾಸಿಗೆಯ ಮೇಲಿಟ್ಟು ಸ್ಪೀಕರ್ ಒತ್ತಿದಳು.

"ಮೇಡಂ, ನಿಮ್ಮ ಗುಬ್ಬಣ್ಣ ಒಪ್ಕೊಂಡ್ರು."

"ಏನು ಒಪ್ಕೊಂಡ್ರು?"

"ತಾನೇ ಚುಚ್ಚಿದ್ದು ಅಂತ. ನಾವು ಕೈ ಮಾಡಿಲ್ಲ, ಗದರಿಸಿಯೂ ಇಲ್ಲ. ನೀವು ಹೋದ ಮೇಲೆ ತಾನಾಗೇ ಕರೆದು ಹೇಳಿದ್ರು."

"ಸುಳ್ಳು ಸರ್! ಯಾರನ್ನೋ ಉಳಿಸೋಕೆ ಹೇಳ್ತಿದ್ದಾರೆ. ನನ್ನ ಹತ್ರ ಈಗ ಪುರಾವೆ ಇದೆ."

"ನಾನೂ ಹಾಗೇ ಅಂದ್ಕೊಂಡೆ. ವಯಸ್ಸಾದೋರು, ಯಾರದೋ ಋಣಕ್ಕೆ ತಲೆ ಕೊಡ್ತಿದ್ದಾರೆ ಅಂತ. ಆದ್ರೆ ಒಂದು ಮಾತು ಹೇಳಿದ್ರು ನೋಡಿ. ಸತ್ತವನ ಕನ್ನಡಕ ಮಡಚಿ ಅವನ ಅಂಗಿ ಜೇಬಲ್ಲಿ ಇಟ್ಟಿತ್ತು ಅಂತ. ಆ ವಿಷಯ ನಾವು ಹೊರಗೆ ಬಿಟ್ಟಿಲ್ಲ. ನಿಮಗೂ ಹೇಳಿಲ್ಲ. ಅವರಿಗೆ ಗೊತ್ತಿದೆ. ಯಾವ ಜೇಬು ಅನ್ನೋದೂ ಗೊತ್ತಿದೆ. ಅಲ್ಲಿ ಇಲ್ಲದೇ ಇದ್ದೋರಿಗೆ ಅದು ಹೇಗೆ ಗೊತ್ತಾಗುತ್ತೆ?"

ಹೊದಿಕೆ ಅತ್ತಿಗೆಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಅದು ಹೇಗೆ ಸಾಧ್ಯ?" ಎಂದಳು ಅವಳು. ಯಾರಿಗೂ ಹೇಳಿದ್ದಲ್ಲ, ತನಗೆ ತಾನೇ ಲೆಕ್ಕ ಕೇಳಿಕೊಂಡ ಹಾಗಿತ್ತು. "ಕನ್ನಡಕ ಮಡಚಿ ಇಟ್ಟಿದ್ದು ನಾನು. ಅಲ್ಲಿ ಬೇರೆ ಯಾರೂ ಇರಲಿಲ್ಲ ಪುಟ್ಟಿ. ಬಾಗಿಲು ಹಾಕಿತ್ತು. ನಾನು, ಅವನು, ಇಬ್ಬರೇ."

"ಅತ್ತಿಗೆ, ಸುಮ್ಮನಿರಿ..."

"ನಾನು ಹೋದಾಗಲೇ ಚಾಕು ಎದೇಲಿತ್ತು. ಅವನಿನ್ನೂ ಉಸಿರಾಡ್ತಿದ್ದ." ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು, ಮಾತು ಬೆರಳ ಸಂದಿಯಿಂದ ಸೋರಿ ಬಂತು. "ಕೂಗಿದ್ರೆ ಜನ ಬರ್ತಿದ್ರು. ಬಂದೋರು ನೀನ್ಯಾಕೆ ಇಲ್ಲಿದ್ದೀಯ ಅಂತ ಕೇಳ್ತಿದ್ರು. ಕೂಗಲಿಲ್ಲ ಪುಟ್ಟಿ. ಕನ್ನಡಕ ಮಡಚಿಟ್ಟು ಎದ್ದು ಬಂದೆ."

ಅಪ್ಪನ ಗಂಟಲಿನಿಂದ ಮಾತಾಗದ ಸದ್ದೊಂದು ಹೊರಟಿತು.

ಹಾಗಾದರೆ ಗುಬ್ಬಣ್ಣನೂ ಅವತ್ತು ಆ ಗೋದಾಮಿನಲ್ಲೇ, ಎಲ್ಲೋ ಮರೆಯಲ್ಲಿ, ಇದ್ದ. ಪತ್ತೇದಾರಿಣಿ ಫೋನಿನ ಕಡೆ ಕೈ ಚಾಚಿದಳು. ಅದರ ಬೆಳಕು ಇನ್ನೂ ಆರಿರಲಿಲ್ಲ.

"ಮೇಡಂ" ಎಂದಿತು ಇನ್ಸ್‌ಪೆಕ್ಟರರ ಧ್ವನಿ, ಹಾಸಿಗೆಯ ಮೇಲಿಂದ, ಬಹಳ ಮೆತ್ತಗೆ. "ಈಗ ಮಾತಾಡಿದ್ದು ಯಾರು?"